ವ್ಯಾಲೆಟ್ಟಾದ ಸೇಂಟ್ ಜಾನ್ ಕೋ-ಕೆಥೆಡ್ರಲ್: ಕೈಯಲ್ಲಿರೋದು ಒಂದೇ ಬೆಳಿಗ್ಗೆ, ಏನು ನೋಡೋದು, ಏನು ಬಿಡೋದು?

ಅಲೆಮಾರಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಾಲ್ಟಾಕ್ಕೆ ಹೊರಟಿದ್ದೀವಿ. ನಾನು, ಮನೆಯವಳು, ನಮ್ಮತ್ತೆ. ಬೀಚು, ದೋಣಿ, ನೀಲಿ ನೀರು ಎಲ್ಲ ಮನೆಯವಳ ಪಟ್ಟಿ. ನನ್ನ ಪಾಲಿಗೆ ಸಿಕ್ಕಿರೋದು ರಾಜಧಾನಿ ವ್ಯಾಲೆಟ್ಟಾದಲ್ಲಿ ಒಂದು ಬೆಳಿಗ್ಗೆ. ಅದನ್ನ ಸೇಂಟ್ ಜಾನ್ ಕೋ-ಕೆಥೆಡ್ರಲ್ ಅನ್ನೋ ಹಳೇ ಚರ್ಚಿಗೆ ಅಂತ ಎತ್ತಿಟ್ಟಿದ್ದೀನಿ.

ಫೋಟೋಗಳನ್ನ ನೋಡಿದ್ರೆ ತಲೆ ತಿರುಗುತ್ತೆ. ಗೋಡೆ ತುಂಬ ಚಿನ್ನ, ಮಾಳಿಗೆ ತುಂಬ ಚಿತ್ರ, ನೆಲದ ಮೇಲೆ ಅಸ್ಥಿಪಂಜರ! ಕೆಲವರು "ಇಟಲಿಯ ಚಿತ್ರಕಾರ ಕಾರವಾಜೋನ ಚಿತ್ರ ನೋಡ್ಕೊಂಡು ಹೊರಟುಬಿಡಿ, ಬೇರೇನೂ ಬೇಡ" ಅಂತಾರೆ. ಅಷ್ಟಕ್ಕೇ ಟಿಕೆಟ್ ತಗೊಂಡು ಒಳಗೆ ಹೋಗೋಕೆ ಯಾಕೋ ಮನಸ್ಸು ಒಪ್ತಿಲ್ಲ. ನೋಡಿದವರು ಹೇಳಿ. ಅತ್ತೆಗೆ ಮಂಡಿ ನೋವು ಬೇರೆ. ಕೂರೋಕೆ ಜಾಗ ಸಿಗುತ್ತಾ? ಬಟ್ಟೆಬರೆ ವಿಷಯದಲ್ಲಿ ಕಟ್ಟುನಿಟ್ಟು ಇದೆಯಾ?

ಮಾಲ್ಟಾ_ಸಿಸ್ಟರ್

ನಾನು ಇಲ್ಲೇ ಕೆಲಸದಲ್ಲಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಮನೆಗೆ ಯಾರೇ ಬಂದರೂ ಕರೆದುಕೊಂಡು ಹೋಗುವ ಮೊದಲ ಜಾಗ ಇದೇ.

ಮೊದಲು ಕೆಲಸಕ್ಕೆ ಬರುವ ಮಾತು. ಭುಜ, ಮಂಡಿ ಮುಚ್ಚುವಂಥ ಬಟ್ಟೆ ಹಾಕಿಕೊಳ್ಳಿ. ಸೀರೆ, ಚೂಡಿದಾರ ಆದರೆ ಯೋಚನೆಯೇ ಇಲ್ಲ. ಚೂಪು ಹಿಮ್ಮಡಿಯ ಚಪ್ಪಲಿ ಮಾತ್ರ ಖಂಡಿತ ಬೇಡ, ಬಾಗಿಲಲ್ಲೇ ತಡೆಯುತ್ತಾರೆ. ನೆಲ ಪೂರ್ತಿ ಅಮೃತಶಿಲೆಯ ಕುಸುರಿ, ಹಿಮ್ಮಡಿಯ ಮೊನೆ ತಾಗಿದರೆ ಚಕ್ಕೆ ಏಳುತ್ತದೆ. ಟಿಕೆಟ್ ಜೊತೆಗೇ ಕಿವಿಗೆ ಹಿಡಿದು ಕೇಳುವ ಆಡಿಯೊ ಗೈಡ್ ಕೊಡುತ್ತಾರೆ. ಕನ್ನಡ ಇಲ್ಲ, ಇಂಗ್ಲಿಷ್ ಇದೆ. ಒಳಗೆ ಕುರ್ಚಿಗಳಿವೆ, ಅತ್ತೆಯವರನ್ನು ನಡುವಿನ ಹಜಾರದಲ್ಲಿ ಕೂರಿಸಿ ನೀವು ಸುತ್ತಬಹುದು. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಪೂಜೆಗೆ ಹೋಗುವವರಿಗೆ ಬಾಗಿಲು ತೆರೆದೇ ಇರುತ್ತದೆ, ಆದರೆ ಆ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಅಡ್ಡಾಡಬೇಡಿ.

ಇನ್ನೊಂದು. ಹೊರಗಿನಿಂದ ನೋಡಿ "ಇದೇನಾ?" ಅಂತ ಮೂಗು ಮುರಿಯಬೇಡಿ. ನನ್ನ ತಮ್ಮ ಬಂದಾಗ ಯಾವುದೋ ಹಳೇ ಕಾಲದ ಸರ್ಕಾರಿ ಕಚೇರಿ ಅಂದುಕೊಂಡು ಮುಂದೆ ನಡೆದುಬಿಟ್ಟಿದ್ದ.

ಹಳೇಪುಟ

ಹೊರಗೆ ಬೋಳಾಗಿರೋದಕ್ಕೆ ಕಾರಣ ಇದೆ. ಕಟ್ಟಿದವನು ಜಿರೊಲಾಮೊ ಕಸಾರ್, ಮಾಲ್ಟಾದವನೇ, ಕಸುಬಿನಲ್ಲಿ ಕೋಟೆ ಕಟ್ಟೋ ಎಂಜಿನಿಯರ್. 1565ರಲ್ಲಿ ಆಟೊಮನ್ ತುರ್ಕರ ಸೈನ್ಯ ತಿಂಗಳುಗಟ್ಟಲೆ ಮಾಲ್ಟಾವನ್ನು ಮುತ್ತಿ ಕೂತಿತ್ತು. ದ್ವೀಪ ಹೇಗೋ ಉಳಿದುಕೊಂಡಿತು. ಮಾರನೇ ವರ್ಷವೇ ಹೊಸ ಕೋಟೆನಗರಕ್ಕೆ ಕಲ್ಲಿಟ್ಟರು, ಅದೇ ವ್ಯಾಲೆಟ್ಟಾ. ಮುತ್ತಿಗೆಯನ್ನು ಎದುರಿಸಿ ನಿಂತ ಗ್ರ್ಯಾಂಡ್ ಮಾಸ್ಟರ್, ಅಂದರೆ ಆಗ ದ್ವೀಪ ಆಳ್ತಿದ್ದ ನೈಟ್‌ಗಳ ಸಂಘದ ಮುಖ್ಯಸ್ಥ, ಜಾನ್ ದ ವ್ಯಾಲೆಟ್ ಹೆಸರನ್ನೇ ಊರಿಗಿಟ್ಟರು. ಅವನ ಸಮಾಧಿ ಈ ಚರ್ಚಿನ ನೆಲಮಾಳಿಗೆಯಲ್ಲೇ ಇದೆ.

ಚರ್ಚ್ ಕೆಲಸ ನಡೆದದ್ದು 1573ರಿಂದ 1577ರವರೆಗೆ. ತುರ್ಕರು ಮತ್ತೆ ಬಂದೇ ಬರುತ್ತಾರೆ ಅನ್ನೋ ಭಯ ಎಲ್ಲರ ಎದೆಯಲ್ಲಿದ್ದ ಕಾಲ. ದಪ್ಪ ಗೋಡೆ, ಎರಡು ಗಂಟೆಗೋಪುರ, ಮುಗೀತು. ಒಳಗೂ ಸುಮಾರು ತೊಂಬತ್ತು ವರ್ಷ ಹಾಗೇ ಸಾದಾ ಇತ್ತು. ನೀವು ಫೋಟೋದಲ್ಲಿ ನೋಡ್ತಿರೋ ಚಿನ್ನದ ವೈಭವ ಬಂದಿದ್ದು 1660ರ ದಶಕದಲ್ಲಿ, ಕೊಟೊನೆರ್ ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಗ್ರ್ಯಾಂಡ್ ಮಾಸ್ಟರ್ ಆದಾಗ. ರೋಮಿನ ಚರ್ಚುಗಳೆಲ್ಲ ಬರೋಕ್ ಅನ್ನೋ ಅದ್ದೂರಿ ಶೈಲಿಯ ಸಿಂಗಾರದಲ್ಲಿ ಮೆರೀತಾ ಇದ್ದಾಗ ನಮ್ಮದು ಹೀಗೆ ಉಗ್ರಾಣದ ಥರ ಇದ್ದರೆ ಹೇಗೆ ಅನ್ನೋ ಪೈಪೋಟಿಯೂ ಅದರಲ್ಲಿತ್ತು.

ಕಟ್ಟಿಸಿದವರು ಸಂತ ಜಾನನ ನೈಟ್‌ಗಳ ಸಂಘ. ಅರ್ಧ ಸನ್ಯಾಸಿಗಳು, ಅರ್ಧ ಸೈನಿಕರು. ಯೂರೋಪಿನ ದೊಡ್ಡ ಮನೆತನಗಳ ಹುಡುಗರು. ಪ್ರಾಂತ್ಯವಾರು ಎಂಟು ಬಣ: ಪ್ರೊವಾನ್ಸ್, ಓವರ್ನ್ಯ, ಫ್ರಾನ್ಸ್, ಇಟಲಿ, ಅರಗೊನ್, ಕಸ್ಟೀಲ್, ಜರ್ಮನಿ, ಇಂಗ್ಲೆಂಡ್. ಒಂದೊಂದು ಬಣಕ್ಕೆ ಒಂದೊಂದು ಚಾಪೆಲ್, ಅಂದರೆ ಚರ್ಚಿನೊಳಗೇ ಇರೋ ಸಣ್ಣ ಪ್ರಾರ್ಥನಾ ಗುಡಿ. ಎಂಟನೇ ಹೆನ್ರಿ ಇಂಗ್ಲೆಂಡಿನಲ್ಲಿ ಸಂಘವನ್ನೇ ಮುಚ್ಚಿಸಿದ ಮೇಲೆ ಆ ಬಣ ಹೆಸರಿಗಷ್ಟೇ ಉಳೀತು, ಆಮೇಲೆ 1780ರ ದಶಕದಲ್ಲಿ ಬವೇರಿಯಾದವರನ್ನು ಸೇರಿಸಿ ಆಂಗ್ಲೋ-ಬವೇರಿಯನ್ ಅಂತ ಮಾಡಿದರು. ಚಾಪೆಲ್ ಸಿಂಗರಿಸೋದರಲ್ಲಿ ಇವರವರಲ್ಲೇ ಜಿದ್ದಾಜಿದ್ದಿ. ಆ ಜಿದ್ದಿನ ಲಾಭ ಈಗ ಟಿಕೆಟ್ ತಗೊಂಡವರಿಗೆ.

ಒಗ್ಗರಣೆ

ನಾನೂ ಹೋಗಿ ಬಂದಿದ್ದೀನಿ, ನನ್ನ ಅಭಿಪ್ರಾಯ ಬೇರೆ. ಕಣ್ಣಿಗೆ ವಿಶ್ರಾಂತಿ ಅನ್ನೋದೇ ಇಲ್ಲ ಅಲ್ಲಿ. ಗೋಡೆಯ ಒಂದು ಗೇಣು ಜಾಗವನ್ನೂ ಸುಮ್ಮನೆ ಬಿಟ್ಟಿಲ್ಲ. ಹತ್ತು ನಿಮಿಷಕ್ಕೆ ನನಗೆ ಉಸಿರು ಕಟ್ಟಿದ ಹಾಗೆ ಅನ್ನಿಸ್ತು. ಕಾರವಾಜೋ ಇರೋ ಕೋಣೆಗೆ ಹೋದ ಮೇಲೇ ಉಸಿರು ಬಂದಿದ್ದು. ಇಷ್ಟೆಲ್ಲ ಚಿನ್ನಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಸಮುದ್ರದಲ್ಲಿ ಹಡಗು ದೋಚಿ, ಜನರನ್ನ ಹಿಡಿದು ತಂದು ಗುಲಾಮರನ್ನಾಗಿ ಮಾಡಿದ ದುಡ್ಡು. ಅದನ್ನ ಭಕ್ತಿ ಅಂತ ಕರೆಯೋಕೆ ನನ್ನಿಂದಾಗಲ್ಲ.

ಕುಂಚ_ಧಾರವಾಡ

ಒಗ್ಗರಣೆಯವರ, ದುಡ್ಡಿನ ಮಾತಿಗೆ ಆಮೇಲೆ ಬರೋಣ. ಕಣ್ಣಿನ ಮಾತು ಮೊದಲ ಮುಗಸ್ತೇನಿ, ಯಾಕಂದ್ರ ನಾ ಹೊಟ್ಟಿ ಹೊರಕೊಂಡಿದ್ದು ಡ್ರಾಯಿಂಗ್ ಮಾಸ್ತರಿಕಿ ಮಾಡಿ.

ಮಾಳಿಗಿ ಚಿತ್ರ ಬರದಾಂವ ಮತ್ತೀಯಾ ಪ್ರೇತಿ. ಇಟಲಿಯ ಕಲಾಬ್ರಿಯಾ ಸೀಮ್ಯಾಂವ, 1613ರಾಗ ಹುಟ್ಟಿದಾಂವ. 1661ರಾಗ ಹಚ್ಚಿ 1666ಕ್ಕ ಮುಗಿಸಿದ. ಸ್ನಾನಿಕ ಯೋಹಾನ, ಅಂದ್ರ ಈ ಚರ್ಚಿನ ಸಂತ ಜಾನ್, ಅವನ ಜೀವನದ ಕಥಿ ಪೂರ್ತಿ ಕಮಾನಿನ ಒಳಮೈ ಮ್ಯಾಲ ಐತಿ. ಮಂದಿ ಅದನ್ನ ಫ್ರೆಸ್ಕೊ ಅಂತಾರ. ಅಲ್ರಿ ಅದು. ಫ್ರೆಸ್ಕೊ ಅಂದ್ರ ಹಸಿ ಗಾರಿ ಮ್ಯಾಲ, ಅದು ಒಣಗೂದ್ರಾಗ ಬರಿಯೂದು. ಪ್ರೇತಿ ಹಂಗ ಮಾಡ್ಲಿಲ್ಲ. ಮಾಲ್ಟಾದ ಸುಣ್ಣಕಲ್ಲಿಗೆ ಎಣ್ಣಿ ಕುಡಿಸಿ ಹದ ಮಾಡಿ, ಆ ಕಲ್ಲಿನ ಮ್ಯಾಲನ ತೈಲಬಣ್ಣದಾಗ ಬರದ. ಆ ಕಲ್ಲು ಮೆತ್ತಗಿರತದ, ಎಣ್ಣಿ ಹೀರತದ. ಎಷ್ಟು ಎಣ್ಣಿ ಹಾಕಿದ್ರ ಬಣ್ಣ ನಿಲ್ಲತದ, ಎಷ್ಟು ಹಾಕಿದ್ರ ಮಂಕಾಗತದ ಅನ್ನೂ ಲೆಕ್ಕ ಗೊತ್ತಿರಬೇಕು. ತೈಲದಾಗ ಒಂದು ಅನುಕೂಲ ಅಂದ್ರ, ತಿದ್ದಬಹುದು, ನೆರಳು ಗಾಢ ಮಾಡಬಹುದು. ಆ ಆಳವಾದ ನೆರಳು ಫ್ರೆಸ್ಕೊದಾಗ ಅಷ್ಟು ಸರಳ ಬರಂಗಿಲ್ಲ.

ಈಗ ಒಂದು ಕೆಲಸ ಮಾಡ್ರಿ. ನಡುವ ನಿಂತು ಕಮಾನು ಗ್ವಾಡಿಗೆ ಕೂಡೂ ಜಾಗಾ ನೋಡ್ರಿ. ಕಂಬದ ಮಗ್ಗಲಕ ಕೂತ ನಿಂತ ಸಂತರು, ವೀರರು ಕಾಣತಾರ. ಕಲ್ಲಿನ ಮೂರ್ತಿ ಅನಸತದ. ನಾಕ ಹೆಜ್ಜಿ ಸರದು ಮತ್ತ ನೋಡ್ರಿ, ಚಿತ್ರ! ನೆರಳು ಸುದ್ದಾ ಬಣ್ಣದ್ದು. ಖರೇ ಕೆತ್ತನಿ ಎಲ್ಲಿ ಮುಗೀತು, ಬಣ್ಣ ಎಲ್ಲಿ ಹತ್ತಿತು ಅಂತ ಹುಡುಕಿಕೋತ ನಿಂತ್ರ ನಿಮ್ಮ ಅರ್ಧಾ ತಾಸು ಅಲ್ಲೇ ಹೋಗತದ. ಒಗ್ಗರಣೆಯವರಿಗೆ ಹತ್ತು ನಿಮಿಷಕ್ಕ ಉಸಿರು ಕಟ್ಟಿದಂಗ ಆತು ಅಂದ್ರ, ಬಹುಶಃ ಎಲ್ಲಾ ಒಮ್ಮೆಲೆ ನೋಡಾಕ ಹೋಗಿದ್ರಿ. ಒಂದು ಕಮಾನು ಹಿಡೀರಿ, ಅದನ್ನಷ್ಟ ನೋಡ್ರಿ.

ಗ್ವಾಡಿ ಮ್ಯಾಲಿನ ಬಳ್ಳಿ, ಹೂ, ಎಂಟು ಮೊನಿ ಶಿಲುಬಿ ಅದಾವಲ್ಲ, ಅವು ಬ್ಯಾರೆ ಕಡೆ ಕೆತ್ತಿ ತಂದು ಹಚ್ಚಿದ್ದಲ್ಲ. ಇದ್ದ ಗ್ವಾಡಿ ಕಲ್ಲನ್ನ ಅಲ್ಲೇ ಕಡದು, ಮ್ಯಾಲ ಚಿನ್ನದ ರೇಕು ಕೂಡಿಸ್ಯಾರ. ಉಳಿ ಒಂದು ಏಟು ತಪ್ಪಿದ್ರ ಗ್ವಾಡೀನ ಕೆಟ್ಟಂಗ.

ಇನ್ನೊಂದು ಮಾತು ಹೇಳಿ ಸುಮ್ನಾಗತೇನಿ. ಕಾರವಾಜೋ ಮಾಲ್ಟಾದಾಗ ಇದ್ದದ್ದು 1607ರ ಬ್ಯಾಸಗಿಯಿಂದ 1608ರ ಅಕ್ಟೋಬರ್‌ತನಕ. ಪ್ರೇತಿ ಸುಮಾರು ನಲವತ್ತು ವರ್ಷ ಅಲ್ಲೇ ಇದ್ದ, 1699ರಾಗ ಅಲ್ಲೇ ಸತ್ತ, ಅವನ್ನ ಹುಗದಿದ್ದೂ ಅದ ಚರ್ಚಿನಾಗ. ಬಂದ ಮಂದಿ ಮಾತ್ರ ಅವನ ಸಮಾಧಿ ದಾಟಿಕೊಂಡು ಕಾರವಾಜೋ ಕೋಣಿಗೆ ಓಡತಾರ. ಓಡಬ್ಯಾಡ್ರಿ ಅನ್ನಂಗಿಲ್ಲ. ಹೋಗೂ ಮುಂದ ಒಂದ್ಸಲ ಕತ್ತೆತ್ತಿ ನೋಡ್ರಿ, ಅಷ್ಟ.

ಕುಡ್ಲದ_ಕಿಟಕಿ

ಕುಂಚ ಮಾಸ್ತರೆ, ನಿಮ್ಮ ಫ್ರೆಸ್ಕೊ ಮಾತು ಓದಿ ನಮ್ಮ ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ ನೆನಪಾಯ್ತು. ಅದರಲ್ಲಿ ಎರಡೂ ಉಂಟು ಮಾರಾಯ್ರೆ. ಗೋಡೆಯಲ್ಲಿ ಫ್ರೆಸ್ಕೊ, ಮೇಲೆ ಮಾಡಿನ ಪಟ್ಟಿಗಳಲ್ಲಿ ಕ್ಯಾನ್ವಾಸಿಗೆ ಬರೆದ ತೈಲಚಿತ್ರ. ಬರೆದವರು ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ, 1899ರಿಂದ 1901ರ ಒಳಗೆ. ಕಾಲ ನೋಡಿದರೆ ಬರೋಕ್ ಅಂತ ಹೇಳ್ಲಿಕ್ಕಾಗುವುದಿಲ್ಲ. ಆದರೆ ಗೋಡೆಯಲ್ಲಿ ಒಂದಿಂಚು ಖಾಲಿ ಬಿಡಬಾರದು ಎನ್ನುವ ಹಠ ಅದೇ. ನಮ್ಮ ಮಳೆಗಾಲದ ತೇವಕ್ಕೆ ಆ ಚಿತ್ರಗಳು ಹಾಳಾಗಿ, 1990ರ ದಶಕದಲ್ಲಿ ಹಳೆಯ ಕಲೆ, ಕಟ್ಟಡ ಉಳಿಸುವ ಇಂಟಾಕ್ ಸಂಸ್ಥೆಯವರು ಸರಿ ಮಾಡಿದರು. ಮಾಲ್ಟಾಕ್ಕೆ ಹೋಗಲಿಕ್ಕೆ ಆಗದವರು ಲೈಟ್‌ಹೌಸ್ ಹಿಲ್ ಹತ್ತಿ ಒಮ್ಮೆ ಒಳಗೆ ಕೂತು ನೋಡಿ.

ಕಾರವಾಜೋ ಚಿತ್ರ ನೋಡುವ ಮೊದಲು ಕತೆ ಗೊತ್ತಿದ್ದರೆ ಒಳ್ಳೆಯದು. ಅಲೆಮಾರಿಯವರ ಅತ್ತೆಯವರಿಗೆ ಹೇಳ್ಲಿಕ್ಕೆ ಆಗ್ತದೆ. ಸ್ನಾನಿಕ ಯೋಹಾನ ಅಂದರೆ ಯೇಸುವಿಗೆ ಜೋರ್ಡಾನ್ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿದವರು. ರಾಜ ಹೆರೋದ ಸೋದರನ ಹೆಂಡತಿಯನ್ನು ಮದುವೆಯಾದಾಗ ಅದು ತಪ್ಪು ಅಂತ ಎದುರೇ ಹೇಳಿದರು. ಆಕೆಗೆ ಸಿಟ್ಟು. ರಾಜನ ಹುಟ್ಟುಹಬ್ಬಕ್ಕೆ ಆಕೆಯ ಮಗಳು ಕುಣಿದಳು, ಕೇಳಿದ್ದು ಕೊಡ್ತೇನೆ ಅಂತ ರಾಜ ಆಣೆ ಹಾಕಿದ. ಅಮ್ಮ ಹೇಳಿಕೊಟ್ಟಂತೆ ಹುಡುಗಿ ಯೋಹಾನರ ತಲೆಯನ್ನು ತಟ್ಟೆಯಲ್ಲಿಟ್ಟು ಕೊಡು ಅಂದಳು. ಸೆರೆಮನೆಯಲ್ಲಿ ಆದ ಆ ಕೊಲೆಯೇ ಚಿತ್ರದ ವಸ್ತು.

ಕುಂಚ_ಧಾರವಾಡ

ಚಲೋ ಹೇಳಿದ್ರಿ. ಹಂಗಾರ ಚಿತ್ರದ ಬಗ್ಗೆನೂ ಬರದಬಿಡತೇನಿ, ಸುಮ್ನಾಗತೇನಿ ಅಂದಿದ್ದನ್ನ ಮರತಬಿಡ್ರಿ.

ಅಳತಿ ಸುಮಾರು 3.6 ಮೀಟರ್ ಎತ್ತರ, 5.2 ಮೀಟರ್ ಅಗಲ. ಕಾರವಾಜೋನ ಚಿತ್ರದಾಗ ಇದಕ್ಕಿಂತ ದೊಡ್ಡದು ಇಲ್ಲ. ಇಷ್ಟು ದೊಡ್ಡ ಕ್ಯಾನ್ವಾಸಿನಾಗ ಮನಷ್ಯಾರನ್ನೆಲ್ಲಾ ಎಡಕ್ಕ, ಕೆಳಗ ಗುಂಪು ಹಾಕ್ಯಾನ. ಉಳದದ್ದು ಕಂದು ಗ್ವಾಡಿ. ಬಲಕ್ಕ ಒಂದು ಸರಳಿನ ಕಿಟಕಿ, ಅದರಾಗಿಂದ ಇಬ್ರು ಕೈದಿಗಳು ಕುತಗಿ ಚಾಚಿ ನೋಡತಾರ.

ಯೋಹಾನ ನೆಲಕ್ಕ ಬಿದ್ದಾನ, ಕೈ ಹಿಂದ ಕಟ್ಟ್ಯಾರ. ಕತ್ತಿ ಏಟು ಬಿದ್ದಾಗೇತಿ, ಕತ್ತಿ ನೆಲದ ಮ್ಯಾಲ ಐತಿ. ಆದ್ರ ತಲಿ ಪೂರ್ತಿ ಬ್ಯಾರೆ ಆಗಿಲ್ಲ. ಕೊಲ್ಲಾಂವ ಎಡಗೈಲೆ ಕೂದಲ ಹಿಡದಾನ, ಬಲಗೈ ಬೆನ್ನ ಹಿಂದ ಹೋಗೇತಿ, ಸೊಂಟದಾಗಿನ ಸಣ್ಣ ಚೂರಿಗೆ. ಬಾಜೂಕ ಕೀಲಿ ಗೊಂಚಲ ಕಟಗೊಂಡ ಜೇಲಿನ ಅಧಿಕಾರಿ, ಬಟ್ಟು ತೋರಿಸಿ "ಇದರಾಗ ಹಾಕು" ಅನ್ನೂವಂಗ ನಿಂತಾನ. ಹುಡುಗಿ ಬಗ್ಗಿ ತಾಟು ಹಿಡದಾಳ. ಒಬ್ಬಾಕಿ ಮುದಕಿ ಎರಡೂ ಕೈಲೆ ತಲಿ ಹಿಡಕೊಂಡಾಳ. ಇಡೀ ಚಿತ್ರದಾಗ ಸಂಕಟಪಡೂ ಜೀವ ಆಕಿ ಒಬ್ಬಾಕಿನ. ಉಳದವ್ರಿಗೆ ಅದೊಂದು ಕೆಲಸ, ಮುಗಿಸಿ ಮನಿಗೆ ಹೋಗಬೇಕು.

ಕುತಗಿಯಿಂದ ಹರದ ರಕ್ತ ಕಾಣತದಲ್ಲ, ಆ ರಕ್ತದಾಗಿಂದನ ತನ್ನ ಹೆಸರು ಬರದಾನ. ಇವನ ಸಹಿ ಇರೂ ಚಿತ್ರ ಇದೊಂದ. ಹೆಸರಿನ ಮುಂದ ಒಂದು ಎಫ್ ಅಕ್ಷರ ಐತಿ, ಸಂಘದ ಸೋದರ ಅನ್ನೂ ಅರ್ಥದ್ದು ಅಂತ ಬಾಳ ಮಂದಿ ವಿದ್ವಾಂಸರು ಹೇಳತಾರ. ಆಗಷ್ಟ ನೈಟ್ ಆಗಿದ್ದ.

ಹಳೇಪುಟ

ಆ ಸಹಿಯ ಹಿಂದಿನ ಹಿನ್ನೆಲೆ ಸೇರಿಸ್ತೀನಿ. ಕಾರವಾಜೋ 1606ರ ಮೇ ತಿಂಗಳಲ್ಲಿ ರೋಮಿನಲ್ಲಿ ಜಗಳದಲ್ಲಿ ಒಬ್ಬನನ್ನು ಕೊಂದು ತಲೆತಪ್ಪಿಸಿಕೊಂಡವನು. ಅವನ ತಲೆಗೇ ಮರಣದಂಡನೆ ತೂಗ್ತಾ ಇತ್ತು. ನೇಪಲ್ಸ್ ಮೂಲಕ ಮಾಲ್ಟಾಕ್ಕೆ ಬಂದ. ಆಗಿನ ಗ್ರ್ಯಾಂಡ್ ಮಾಸ್ಟರ್ ಅಲೊಫ್ ದ ವಿನ್ಯಾಕೂರ್‌ಗೆ ಇಂಥ ಕಲಾವಿದ ಬೇಕಿತ್ತು. 1608ರ ಜುಲೈ 14ಕ್ಕೆ ನೈಟ್ ಪದವಿ ಸಿಕ್ತು. ಸಂಘಕ್ಕೆ ಸೇರೋವಾಗ ಕೊಡಬೇಕಾದ ಕಾಣಿಕೆಯ ಬದಲಿಗೇ ಈ ಚಿತ್ರ ಬರೆದುಕೊಟ್ಟ ಅನ್ನೋ ಅಭಿಪ್ರಾಯವೂ ಇದೆ.

ಪದವಿ ಬಂದು ಐದು ವಾರಕ್ಕೆ ಮತ್ತೊಂದು ಹೊಡೆದಾಟ. ಸೇಂಟ್ ಆಂಜೆಲೊ ಕೋಟೆಯಲ್ಲಿ ಸೆರೆ. ಅಲ್ಲಿಂದ ತಪ್ಪಿಸಿಕೊಂಡು ಸಿಸಿಲಿಗೆ ಪರಾರಿ. 1608ರ ಡಿಸೆಂಬರ್ 1ಕ್ಕೆ ಸಂಘ ಸಭೆ ಸೇರಿಸಿ, ಕೊಳೆತು ನಾರುವ ಅಂಗ ಅಂತ ಅವನನ್ನ ಕಿತ್ತುಹಾಕಿತು. ಆ ಸಭೆ ನಡೆದದ್ದು ಇದೇ ಪ್ರಾರ್ಥನಾ ಕೋಣೆಯಲ್ಲಿ, ಅವನೇ ಬರೆದ ಶಿರಚ್ಛೇದದ ಚಿತ್ರದ ಮುಂದೆ.

ಕೋಣೆಯ ಉದ್ದೇಶವನ್ನೂ ಗಮನಿಸಿ. ಹೊಸದಾಗಿ ಸೇರಿದ ಹುಡುಗರಿಗೆ ಪ್ರಾರ್ಥನೆ, ಪಾಠ ನಡೀತಿದ್ದ ಜಾಗ ಅದು. ಧರ್ಮಕ್ಕಾಗಿ ಸಾಯೋಕೆ ತಯಾರಿರಬೇಕು ಅಂತ ಕಲಿಸಬೇಕಿದ್ದ ಹದಿಹರೆಯದವರ ಕಣ್ಣೆದುರಿಗೆ, ವೀರಾವೇಶ ಒಂದು ಚೂರೂ ಇಲ್ಲದ ಈ ಸಾವನ್ನ ಇಟ್ಟಿದ್ದಾರೆ. ಚಿತ್ರ ಬರೆದದ್ದು ಆ ಗೋಡೆಗೆ, ಇವತ್ತೂ ಅದೇ ಗೋಡೆಯಲ್ಲಿದೆ. ಮ್ಯೂಸಿಯಮ್ಮಿನಲ್ಲಿ ನೂರು ಚಿತ್ರಗಳ ನಡುವೆ ನೋಡೋದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದು. ಮಾಲ್ಟಾಕ್ಕೇ ಯಾಕೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ.

ಇನ್ನು ಒಗ್ಗರಣೆಯವರ ಮಾತಿಗೆ. ನೀವು ಹೇಳಿದ್ದು ಸತ್ಯ, ಆದ್ರೆ ಪೂರ್ತಿ ಅಲ್ಲ. ಸಂಘಕ್ಕೆ ಯೂರೋಪಿನ ಉದ್ದಗಲಕ್ಕೂ ಜಮೀನು ಜಹಗೀರು ಇದ್ದವು, ದೊಡ್ಡ ಆದಾಯ ಅಲ್ಲಿಂದ. ಅದರ ಜೊತೆಗೆ ಹಡಗು ಸುಲಿಗೆ, ಗುಲಾಮರ ವ್ಯಾಪಾರ ಇದ್ದದ್ದೂ ನಿಜ. ವ್ಯಾಲೆಟ್ಟಾದಲ್ಲಿ ಗುಲಾಮರಿಗಂತಲೇ ಸೆರೆಮನೆ ಇತ್ತು. 1749ರಲ್ಲಿ ಅವರು ದಂಗೆಗೆ ಸಂಚು ಮಾಡಿ ಸಿಕ್ಕಿಬಿದ್ದು ಘೋರ ಶಿಕ್ಷೆಗೆ ಒಳಗಾದರು. ಕಾರವಾಜೋಗೆ ನೈಟ್ ಪದವಿ ಜೊತೆ ಚಿನ್ನದ ಸರ, ಇಬ್ಬರು ಗುಲಾಮರನ್ನ ಉಡುಗೊರೆ ಕೊಟ್ಟರು ಅಂತ ಹಳೇ ಜೀವನಚರಿತ್ರೆಕಾರರೇ ಬರೆದಿದ್ದಾರೆ. ಇದನ್ನು ಆ ಚರ್ಚು ಮುಚ್ಚಿಟ್ಟಿಲ್ಲ. ಅರಗೊನ್ ಚಾಪೆಲ್ಲಿನಲ್ಲಿ ನಿಕೊಲಾಸ್ ಕೊಟೊನೆರ್ ಸ್ಮಾರಕ ನೋಡಿ. ಮೇಲೆ ಗ್ರ್ಯಾಂಡ್ ಮಾಸ್ಟರ್ ಮೂರ್ತಿ, ಕೆಳಗೆ ಆ ಭಾರವನ್ನೆಲ್ಲ ಹೊತ್ತು ಕುಗ್ಗಿ ಕೂತ ಇಬ್ಬರು ಸೆರೆಯಾಳುಗಳು.

ಒಗ್ಗರಣೆ

ಆ ಇಬ್ಬರ ಮುಖ ನನಗಿನ್ನೂ ನೆನಪಿದೆ. ಅವರಿಬ್ಬರನ್ನ ಕೆತ್ತಿಸಿದ್ದು ಮರುಕದಿಂದ ಅಲ್ಲವಲ್ಲ, ಹೆಮ್ಮೆಯಿಂದ. ನನ್ನ ತಕರಾರು ಅದೇ. ಮುಚ್ಚಿಟ್ಟಿಲ್ಲ ಅಂದ್ರೆ, ಮುಚ್ಚಿಡಬೇಕು ಅಂತ ಅವರಿಗೆ ಅನ್ನಿಸಲೇ ಇಲ್ಲ.

ಹಳೇಪುಟ

ಅದನ್ನ ಒಪ್ತೀನಿ.

ಕುಂಚ_ಧಾರವಾಡ

ನಾನೂ ಒಪ್ಪತೇನಿ. ಆದ್ರ ಕೆತ್ತಿದಾಂವನ ಕೈ ಹೆಮ್ಮಿಯಾಗ ನಿಂತಿಲ್ಲ ಅನಸತದ. ಯಜಮಾನನ ಮುಖಕ್ಕಿಂತ ಆ ಇಬ್ಬರ ಬೆನ್ನು, ಹೆಗಲಿನ ಮ್ಯಾಲ ಶಿಲ್ಪಿ ಹೆಚ್ಚಿಗೆ ದುಡದಾನ. ಹೋದಾವ್ರು ನೋಡಿ ಹೇಳ್ರಿ.

ಅಲೆಮಾರಿ_ಮೈಸೂರು

ಹೋಗಿ ಬಂದ್ವಿ! ನೀವೆಲ್ಲ ಇಷ್ಟು ಬರೆದ ಮೇಲೆ ವರದಿ ಒಪ್ಪಿಸದಿದ್ರೆ ಹೇಗೆ.

ಬಾಗಿಲು ತೆಗೆಯೋ ಹೊತ್ತಿಗೇ ಹೋದ್ವಿ. ಒಳಗೆ ಕಾಲಿಟ್ಟ ತಕ್ಷಣ ತಕರಾರು ಎದ್ದಿದ್ದು ನೆಲದ ಮೇಲೆ. ಸುಮಾರು ನಾನೂರು ಸಮಾಧಿಗಳು ಅಂತ ಕಿವಿಯಲ್ಲಿ ಗೈಡ್ ಹೇಳ್ತಿದ್ದಾಗ ನಾನು ಬಾಯಿಬಿಟ್ಟು ಅತ್ತೆಗೆ ಹೇಳಿಬಿಟ್ಟೆ. "ಸತ್ತೋರ ಎದೆ ಮೇಲೆ ಚಪ್ಪಲಿ ಹಾಕ್ಕೊಂಡು ನಡೆಯೋದಾ? ನನ್ನಿಂದಾಗಲ್ಲಪ್ಪ" ಅಂತ ಅಲ್ಲೇ ನಿಂತರು. ಚಪ್ಪಲಿ ಬಿಡೋಕೆ ಅಲ್ಲಿ ಜಾಗ ಇಲ್ಲ. ಸುತ್ತಿಕೊಂಡು ಹೋಗೋಣ ಅಂದ್ರೆ ಒಂದರ ಅಂಚಿಗೆ ಇನ್ನೊಂದು, ಗೋಡೆಯಿಂದ ಗೋಡೆಗೆ ಸಮಾಧೀನೇ. ಕೊನೆಗೆ ಎರಡು ಕಲ್ಲು ಕೂಡೋ ಗೆರೆ ಮೇಲೆ, ಸೀರೆ ನೆರಿಗೆ ಎತ್ತಿ ಹಿಡ್ಕೊಂಡು, ಒಂದೊಂದೇ ಹೆಜ್ಜೆ ಇಟ್ಕೊಂಡು ಕುರ್ಚಿ ಮುಟ್ಟಿದರು. ಕೂತ ಮೇಲೆ ಬಗ್ಗಿ ನೋಡೋಕೆ ಶುರು ಮಾಡಿದವರು ಮೇಲಕ್ಕೆ ನೋಡಿದ್ದೇ ಕಮ್ಮಿ.

ಅವರು ಕೂತ ಕುರ್ಚಿ ಎದುರಿಗೇ ಇದ್ದ ಕಲ್ಲಲ್ಲಿ ಒಂದು ಅಸ್ಥಿಪಂಜರ, ಕೈಯಲ್ಲಿ ಕುಡುಗೋಲು. ಎಲುಬಿಗೆ ಒಂದು ಥರ ಹಳದಿ ಕಲ್ಲು, ನೆರಳಿಗೆ ಬೂದು, ಹಿನ್ನೆಲೆಗೆ ಕಪ್ಪು. ಬಣ್ಣ ಬಳಿದಿದ್ದಲ್ಲ, ಒಂದೊಂದು ಬಣ್ಣದ ಅಮೃತಶಿಲೆಯನ್ನ ಆಕಾರಕ್ಕೆ ಕತ್ತರಿಸಿ ಕೂರಿಸಿದ್ದು. ಪಕ್ಕೆಲುಬಿನ ಮಧ್ಯದ ಸಂದು ಕೂಡ ಬೇರೆ ಕಲ್ಲು! ಮೇಲೆ ಮನೆತನದ ಲಾಂಛನ, ಕೆಳಗೆ ಲ್ಯಾಟಿನ್ ಬರಹ, ಸುತ್ತ ಬಾವುಟ, ಫಿರಂಗಿ, ಕಹಳೆ ಊದೋ ದೇವತೆ. ನಮ್ಮತ್ತೆ ಐವತ್ತು ವರ್ಷ ರಂಗೋಲಿ ಹಾಕಿದ ಕೈ. "ಎಲ್ಲೂ ಸಂದು ಕಾಣದ ಹಾಗೆ ಕೂರಿಸಿದ್ದಾರಲ್ಲೋ" ಅಂತ ಪಕ್ಕದ ಕಲ್ಲು, ಅದರ ಪಕ್ಕದ ಕಲ್ಲು ಅಂತ ಕುರ್ಚಿ ಬದಲಾಯಿಸ್ಕೊಂಡೇ ಹೋದರು. ಒಂದೊಂದು ಅಸ್ಥಿಪಂಜರಕ್ಕೂ ಒಂದೊಂದು ಭಾವ ಇದೆ ಅಂತ ನನಗೆ ತೋರಿಸಿದ್ದೂ ಅವರೇ.

ಕುಂಚ ಮೇಷ್ಟ್ರೇ, ನಿಮ್ಮ ನಾಲ್ಕು ಹೆಜ್ಜೆ ಪರೀಕ್ಷೆ ಮಾಡಿದೆ. ನನ್ನ ಹೆಂಡತಿ ಮೂರ್ತಿ ಅಂತ ಬೆಟ್ ಕಟ್ಟಿದ್ದು ಚಿತ್ರ ಅಂತ ಗೊತ್ತಾದಾಗ ಇಬ್ಬರೂ ಜೋರಾಗಿ ನಕ್ಕು, ಕಾವಲಿನವರ ಹತ್ತಿರ ಒಂದು ನೋಟ ಸಿಕ್ತು. ನೀವು ಹೇಳಿದ ಹಾಗೇ ಅರ್ಧ ಗಂಟೆ ಅಲ್ಲೇ ಹೋಯ್ತು. ಅರಗೊನ್ ಚಾಪೆಲ್ಲಿನಲ್ಲಿ ಪ್ರೇತಿ ಬರೆದ ಕುದುರೆ ಮೇಲಿನ ಸಂತ ಜಾರ್ಜ್ ನೋಡಿ, ಆಮೇಲೆ ಕೊಟೊನೆರ್ ಸ್ಮಾರಕ. ಒಗ್ಗರಣೆಯವರು ಹೇಳಿದ್ದೂ ಸರಿ, ಮೇಷ್ಟ್ರು ಹೇಳಿದ್ದೂ ಸರಿ. ಒಬ್ಬ ಆಫ್ರಿಕಾದವನು, ಇನ್ನೊಬ್ಬ ತುರ್ಕ. ಅವರ ಮುಂದೆ ನಿಂತಾಗ ಮೇಲಿರೋನನ್ನ ನೋಡಬೇಕು ಅಂತಾನೇ ಅನ್ನಿಸಲಿಲ್ಲ.

ಕಾರವಾಜೋ ಕೋಣೆಯಲ್ಲಿ ಆಗಲೇ ಗುಂಪು ಸೇರಿತ್ತು. ಎಲ್ಲರೂ ಮುಂದೆ ನುಗ್ತಾರೆ. ನನಗೆ ಚಿತ್ರ ಸರಿಯಾಗಿ ದಕ್ಕಿದ್ದು ಬಾಗಿಲ ಹತ್ತಿರ, ಹಿಂದೆ ನಿಂತಾಗ. ಅಲ್ಲಿಂದ ನೋಡಿದ್ರೆ ಚಿತ್ರದೊಳಗಿನ ಜನ ಹೆಚ್ಚುಕಮ್ಮಿ ಮುಂದೆ ನಿಂತ ಪ್ರವಾಸಿಗರಷ್ಟೇ ದೊಡ್ಡದಾಗಿ ಕಾಣ್ತಾರೆ. ಆ ಖಾಲಿ ಗೋಡೆಯ ಭಾರವೂ ಅಲ್ಲಿಂದಲೇ ಗೊತ್ತಾಗೋದು. ಚಿನ್ನದ ಹಜಾರದಿಂದ ನೇರ ಒಳಗೆ ಬಂದಿದ್ದಕ್ಕೇ ಈ ಕಂದು ಗೋಡೆ ಇಷ್ಟು ಬಡಿದಿದ್ದು ಅನ್ನಿಸ್ತು. ಅದಕ್ಕೇ ಒಗ್ಗರಣೆಯವರೇ, ನಿಮಗೆ ಉಸಿರು ಬಂದಿದ್ದಕ್ಕೆ ಅರ್ಧ ಕಾರಣ ಪ್ರೇತಿ ಅಂತ ನನ್ನ ವಾದ.

ಅದೇ ಕೋಣೆಯಲ್ಲಿ ಬರೀತಾ ಕೂತಿರೋ ಸಂತ ಜೆರೋಮ್ ಚಿತ್ರಾನೂ ಇದೆ, ಕಾರವಾಜೋದೇ. ಅದನ್ನ ಯಾರೋ ಕದ್ದಿದ್ರು ಅಂತ ಪಕ್ಕದಲ್ಲಿದ್ದವರು ಮಾತಾಡ್ಕೊಳ್ತಿದ್ರು. ನಿಜಾನಾ?

ಹಳೇಪುಟ

ನಿಜ. 1984ರ ಡಿಸೆಂಬರ್ ಕೊನೆಯಲ್ಲಿ. ಚೌಕಟ್ಟಿನಿಂದ ಕ್ಯಾನ್ವಾಸ್ ಕತ್ತರಿಸಿಕೊಂಡು ಸುತ್ತಿ ಒಯ್ದರು. ದುಡ್ಡು ಕೇಳಿ ಆಗಿನ ಮ್ಯೂಸಿಯಂ ನಿರ್ದೇಶಕರಾಗಿದ್ದ ಪಾದ್ರಿ ಮಾರಿಯಸ್ ಜೆರಾಫಾ ಅವರಿಗೆ ಸಂದೇಶ ಬಂತು, ಚಿತ್ರ ತಮ್ಮ ಹತ್ತಿರವೇ ಇದೆ ಅಂತ ತೋರಿಸೋಕೆ ಕ್ಯಾನ್ವಾಸಿನ ತುಂಡು ಬೇರೆ. ಅವರು ಕಳ್ಳರ ಜೊತೆ ಫೋನಿನಲ್ಲಿ ಮಾತು ಬೆಳೆಸುತ್ತಾ ಕಾಲ ತಳ್ಳಿದರು. 1987ರಲ್ಲಿ ಪೊಲೀಸರು ಹಿಡಿದು ಚಿತ್ರ ವಾಪಸ್ ತಂದರು. ಹಾಳಾಗಿದ್ದನ್ನ ಸರಿಪಡಿಸಿದ ಮೇಲೇ ಮತ್ತೆ ತೂಗುಹಾಕಿದ್ದು. ಶಿರಚ್ಛೇದದ ಚಿತ್ರಕ್ಕೂ 1990ರ ದಶಕದ ಕೊನೆಯಲ್ಲಿ ಫ್ಲಾರೆನ್ಸ್‌ನಲ್ಲಿ ಚಿಕಿತ್ಸೆ ಆಗಿದೆ.

ಚರ್ಚಿನ ಮೇಲೆ ಇದಕ್ಕಿಂತ ದೊಡ್ಡ ಲೂಟಿ ಆಗಿದ್ದು 1798ರಲ್ಲಿ. ನೆಪೋಲಿಯನ್ ಈಜಿಪ್ಟಿಗೆ ಹೋಗೋ ದಾರಿಯಲ್ಲಿ ಮಾಲ್ಟಾ ಹಿಡಿದ, ನೈಟ್‌ಗಳು ಹೆಚ್ಚು ಹೋರಾಡದೇ ಬಿಟ್ಟುಕೊಟ್ಟರು. ಬೆಳ್ಳಿ ಸಾಮಾನೆಲ್ಲ ಕರಗಿಸೋಕೆ ಹೋಯ್ತು. ಒಂದು ಚಾಪೆಲ್ಲಿನ ಬೆಳ್ಳಿ ಗೇಟಿಗೆ ಕಪ್ಪು ಬಣ್ಣ ಬಳಿದು ಕಬ್ಬಿಣ ಅಂತ ನಂಬಿಸಿ ಉಳಿಸಿಕೊಂಡರು ಅನ್ನೋ ಕತೆ ಅಲ್ಲಿನವರು ಹೇಳ್ತಾರೆ. ಗೇಟಂತೂ ಇದೆ. ಒಗ್ಗರಣೆಯವರಿಗೆ ಸಮಾಧಾನ ಆಗೋ ಸುದ್ದಿ: ಮಾಲ್ಟಾದಲ್ಲಿ ಗುಲಾಮಗಿರಿ ರದ್ದಾಗಿದ್ದೂ ಅದೇ ನೆಪೋಲಿಯನ್ ಆಜ್ಞೆಯಿಂದ.

ಕುಡ್ಲದ_ಕಿಟಕಿ

ನಮ್ಮ ಅಕ್ಕನ ಮಗಳು ಡಿಸೆಂಬರಿನಲ್ಲಿ ಹೋಗ್ತಾಳಂತೆ. "ಕೋ" ಕೆಥೆಡ್ರಲ್ ಅಂದರೆ ಇನ್ನೊಂದು ಎಲ್ಲಿ ಉಂಟು? ಅದನ್ನೂ ನೋಡಬೇಕಾ? ಮತ್ತೆ ರೂಬೆನ್ಸ್ ಚಿತ್ರಗಳ ನೇಯ್ಗೆ ಪರದೆಗಳು ಉಂಟು ಅಂತ ಕೇಳಿದ್ದೆ, ಅಲೆಮಾರಿಯವರು ಅದರ ಸುದ್ದಿಯೇ ಎತ್ತಲಿಲ್ಲ.

ಮಾಲ್ಟಾ_ಸಿಸ್ಟರ್

ಇನ್ನೊಂದು ಇರುವುದು ಮ್ದಿನಾದಲ್ಲಿ, ದ್ವೀಪದ ಹಳೆಯ ರಾಜಧಾನಿ. ಬಿಷಪ್ಪರ ಮೂಲ ಪೀಠ ಅಲ್ಲಿಯ ಸಂತ ಪೌಲರ ಕೆಥೆಡ್ರಲ್. ನೈಟ್‌ಗಳು ಹೋದ ಮೇಲೆ, 19ನೇ ಶತಮಾನದ ಆರಂಭದಲ್ಲಿ ಸೇಂಟ್ ಜಾನ್‌ಗೂ ಅದರ ಸರಿಸಮ ಸ್ಥಾನ ಕೊಟ್ಟರು. 1693ರ ಭೂಕಂಪಕ್ಕೆ ಮ್ದಿನಾದ್ದು ಹಾಳಾಗಿ, ಲೊರೆನ್ಸೊ ಗಫಾ ಎಂಬ ವಾಸ್ತುಶಿಲ್ಪಿ ಹೊಸದಾಗಿ ಕಟ್ಟಿದ. ಅಲ್ಲೂ ಪ್ರೇತಿ ಚಿತ್ರಗಳಿವೆ, ನೆಲದಲ್ಲಿ ಸಮಾಧಿಗಳೂ ಇವೆ, ಜನ ಮಾತ್ರ ಕಡಿಮೆ. ವ್ಯಾಲೆಟ್ಟಾದಿಂದ ಬಸ್ಸಿದೆ. ಬೆಳಿಗ್ಗೆ ಸೇಂಟ್ ಜಾನ್, ಮಧ್ಯಾಹ್ನ ಒಂದು ಪಸ್ತಿತ್ಸಿ (ಒಳಗೆ ಹೂರಣ ತುಂಬಿದ ಇಲ್ಲಿಯ ತಿಂಡಿ) ತಿಂದು ಮ್ದಿನಾ ಮಾಡಬಹುದು. ರಿಕೊಟ್ಟಾ ಗಿಣ್ಣಿನದ್ದು ತಿನ್ನಲಿ, ಇಲ್ಲವಾದರೆ ಬಟಾಣಿಯದ್ದು. ಎರಡರಲ್ಲೂ ಮಾಂಸ ಇರುವುದಿಲ್ಲ. ಹೊರಹೊದಿಕೆಗೆ ಕೆಲವು ಕಡೆ ಹಂದಿ ಕೊಬ್ಬು ಬಳಸುತ್ತಾರೆ, ಸಸ್ಯಾಹಾರಿ ಆದರೆ ಕೇಳಿಕೊಂಡು ತಿನ್ನಲಿ.

ನೇಯ್ಗೆ ಪರದೆಗಳು ಒಟ್ಟು ಇಪ್ಪತ್ತೊಂಬತ್ತು. ಗ್ರ್ಯಾಂಡ್ ಮಾಸ್ಟರ್ ಪೆರೆಯೋಸ್ ಕೊಟ್ಟ ಕಾಣಿಕೆ, ಬ್ರಸೆಲ್ಸ್‌ನಲ್ಲಿ ಉಣ್ಣೆ, ರೇಷ್ಮೆಯಲ್ಲಿ ನೇಯಿಸಿದ್ದು. ಅವನ್ನು ಚರ್ಚಿನ ಮ್ಯೂಸಿಯಂ ಭಾಗದಲ್ಲಿ ಇಡುತ್ತಾರೆ. ಅಲ್ಲಿ ಆಗಾಗ ಕೆಲಸ ನಡೆಯುತ್ತಿರುತ್ತದೆ, ಕೆಲವು ಸಲ ಮುಚ್ಚಿರುತ್ತದೆ. ಹೊರಡುವ ಮೊದಲು ಚರ್ಚಿನ ವೆಬ್‌ಸೈಟ್ ನೋಡಿಕೊಳ್ಳಲಿ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಪೂಜೆಗಳಿಂದ ಸಮಯವೂ ಹೆಚ್ಚುಕಡಿಮೆಯಾಗುತ್ತದೆ. ಬಂದಾಗ ಇಲ್ಲೇ ಒಂದು ಮಾತು ಬರೆಯಲಿ, ಡ್ಯೂಟಿ ಇಲ್ಲದ ದಿನವಾದರೆ ನಾನೂ ಜೊತೆಗೆ ಬರುತ್ತೇನೆ.